ಹಿಚ್ ರ‍್ಯಾಕ್ ಕೊಳ್ಳುವ ಮೊದಲು: ಕಾರಿನ ಹಿಂಭಾಗದ ತೆರಪನ್ನು ಅಳೆಯುವ ಕ್ರಮ

ನಂದಿಬೆಟ್ಟದ ಬುಡಕ್ಕೋ ಹೆಸರಘಟ್ಟದ ಕಡೆಗೋ ಕನಕಪುರ ರಸ್ತೆಗೋ ಸೈಕಲ್ಲನ್ನು ಕಾರಿನಲ್ಲಿ ಒಯ್ದು ಅಲ್ಲಿಂದ ತುಳಿಯುವವರು ಬೆಂಗಳೂರಿನಲ್ಲಿ ಹೆಚ್ಚಿದಂತೆಲ್ಲ ಕಾರಿನ ಹಿಂಬದಿಗೆ ಸಿಕ್ಕಿಸಿ ಸೈಕಲ್ ಹೊರಿಸುವ ಚೌಕಟ್ಟಿನ, ಅಂದರೆ ಹಿಚ್ ರ‍್ಯಾಕಿನ ಬಗ್ಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಿದೆ: “ಈ ಹಿಚ್ ರ‍್ಯಾಕ್ ನನ್ನ ಕಾರಿಗೆ ಕೂರುತ್ತದೆಯೇ?” ಅಂಗಡಿಯವರು ಕೊಡುವ ಉತ್ತರ ಸಾಮಾನ್ಯವಾಗಿ “ಕೂರುತ್ತದೆ” ಎಂದೇ ಇರುತ್ತದೆ ಮತ್ತು ಅದು ಸುಳ್ಳೂ ಅಲ್ಲ, ಕೊಳವೆ ಕೊಳವೆಯೊಳಗೆ ಹೋಗಿ ಪಿನ್ನು ಬಿದ್ದರೆ ಕೂತಂತೆಯೇ. ತೊಂದರೆ ಕಾಣಿಸಿಕೊಳ್ಳುವುದು ಆಮೇಲೆ: ಡಿಕ್ಕಿ ತೆರೆಯುವಾಗ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಮೇಲೆ ಬರುವಾಗ, ಕಂಬದ ಪಕ್ಕ ತಿರುಗುವಾಗ. ಖಾಲಿ ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಒಮ್ಮೆ ಅಳೆದ ಅಂಕಿಯನ್ನು ನಂಬಬಾರದು, ಮತ್ತು ಅಳತೆಯೆಲ್ಲ ಹಣ ಕೊಡುವ ಮೊದಲೇ ಮುಗಿದಿರಬೇಕು ಎಂಬ ಎರಡು ಮಾತುಗಳನ್ನು ಒಪ್ಪಿಕೊಂಡರೆ ಉಳಿದದ್ದು ಒಂದು ಭಾನುವಾರದ ಬೆಳಗಿನ ಕೆಲಸ.

ಕೆಲವು ಪದಗಳನ್ನು ಮೊದಲೇ ಬಿಡಿಸಿಕೊಳ್ಳೋಣ. ಹಿಚ್ ಎಂದರೆ ಕಾರಿನ ಹಿಂಭಾಗದ ತಳದಲ್ಲಿ, ಬಂಪರಿನ ಒಳಗಡೆ, ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಅಡ್ಡತೊಲೆ. ಅದರ ನಡುವೆ ಹಿಂದಕ್ಕೆ ಬಾಯಿ ತೆರೆದಿರುವ ಚೌಕಾಕಾರದ ಕೊಳವೆಗೆ ರಿಸೀವರ್ ಎಂದೂ, ಅದರೊಳಗೆ ಹೊಗುವ ರ‍್ಯಾಕಿನ ಕೊಳವೆಗೆ ಶ್ಯಾಂಕ್ ಎಂದೂ ಹೆಸರು. ಸೈಕಲ್ಲಿನ ಚಕ್ರಗಳು ಕೂರುವ ತೊಟ್ಟಿಲಿನಂಥ ಭಾಗ ಟ್ರೇ. ಕ್ಲಿಯರೆನ್ಸ್ ಎಂಬುದಕ್ಕೆ ಇಲ್ಲಿ ತೆರಪು ಎಂಬ ಪದವನ್ನು ಬಳಸಿದ್ದೇನೆ: ಒಂದಕ್ಕೊಂದು ತಗಲಬಾರದ ಎರಡು ವಸ್ತುಗಳ ನಡುವೆ ಉಳಿಯುವ ಜಾಗ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಐದು ಮೀಟರಿನ ಅಳತೆ ಟೇಪು, ಗಾರೆ ಕೆಲಸದವರು ಬಳಸುವ ತೂಗುಗುಂಡು ಅಥವಾ ದಾರಕ್ಕೆ ಕಟ್ಟಿದ ಒಂದು ನಟ್ಟು, ಸೀಮೆಸುಣ್ಣ, ಮಟ್ಟಗೋಲು, ಫ್ರಿಜ್ ಪೆಟ್ಟಿಗೆಯಷ್ಟು ದೊಡ್ಡ ಒಂದು ರಟ್ಟು, ಅಂಟುಪಟ್ಟಿ, ಜೊತೆಗೊಬ್ಬರು ಸಹಾಯಕರು. ಕೊಳ್ಳಬೇಕೆಂದಿರುವ ರ‍್ಯಾಕಿನ ಅಳತೆಗಳನ್ನು ತಯಾರಕರ ಕೈಪಿಡಿಯಿಂದ ಬರೆದಿಟ್ಟುಕೊಳ್ಳಿ. ಮುಖ್ಯವಾಗಿ ನಾಲ್ಕು ಬೇಕು: ಪಿನ್ನಿನ ರಂಧ್ರದಿಂದ ಮೊದಲ ಟ್ರೇಯ ನಡುಗೆರೆಯವರೆಗಿನ ದೂರ, ಟ್ರೇಗಳ ನಡುವಿನ ಅಂತರ, ರ‍್ಯಾಕಿನ ಹಿಂತುದಿಯವರೆಗಿನ ಒಟ್ಟು ಉದ್ದ, ಮತ್ತು ರ‍್ಯಾಕಿನದೇ ತೂಕ. ಇವುಗಳನ್ನು ಕೊಡದ ತಯಾರಕರ ರ‍್ಯಾಕನ್ನು ನಾನಾಗಿದ್ದರೆ ಕೊಳ್ಳುವುದಿಲ್ಲ.

1. ಹಿಚ್ಚನ್ನೇ ಮೊದಲು ಪರೀಕ್ಷಿಸಿ

ನಮ್ಮಲ್ಲಿ ಹೆಚ್ಚಿನ ಕಾರುಗಳು ಹಿಚ್ ಇಲ್ಲದೆಯೇ ಬರುತ್ತವೆ, ಆಮೇಲೆ ಹಾಕಿಸಿಕೊಳ್ಳಬೇಕು. ನಿಮ್ಮ ಮಾದರಿಗೆಂದೇ ತಯಾರಾದ, ಕಾರಿನ ತಳದ ಚೌಕಟ್ಟಿನ ತೊಲೆಗಳಿಗೆ ಬೋಲ್ಟ್ ಆಗುವ ಹಿಚ್ ಬೇರೆ. ವೆಲ್ಡಿಂಗ್ ಶೆಡ್ಡಿನಲ್ಲಿ ಅಂದಾಜಿಗೆ ಕತ್ತರಿಸಿ ಬಂಪರಿನ ತಗಡಿಗೋ ಸ್ಟೆಪ್ನಿ ಗುಂಡಿಯ ತಗಡಿಗೋ ಬೆಸೆದದ್ದು ಬೇರೆ. ಎರಡನೆಯದು ಸೈಕಲ್ಲಿನ ಭಾರವನ್ನು ನಿಂತಲ್ಲಿ ಹೊರಬಹುದು. ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಾಟಕ್ಕೆ ತಗಡು ಬಿರಿಯುತ್ತದೆ.

ರಿಸೀವರಿನ ಒಳ ಅಳತೆಯನ್ನು ತೆಗೆದುಕೊಳ್ಳಿ. ಸಾಮಾನ್ಯವಾಗಿ ಎರಡು ಗಾತ್ರಗಳಿವೆ: ಒಂದೂಕಾಲು ಇಂಚು, ಅಂದರೆ ಸುಮಾರು 32 ಮಿ.ಮೀ.; ಎರಡು ಇಂಚು, ಅಂದರೆ ಸುಮಾರು 51 ಮಿ.ಮೀ. ಕೊಳವೆಯ ಬದಲು ಗುಂಡು ತಲೆಯ ಟೋ ಬಾಲ್ ಇದ್ದರೆ ಅದಕ್ಕೆ ಬಿಗಿಯುವ ರ‍್ಯಾಕುಗಳೇ ಬೇರೆ. ಸಣ್ಣ ರಿಸೀವರಿಗೆ ದೊಡ್ಡ ರ‍್ಯಾಕ್ ಕೂರಿಸಲು ಸಿಗುವ ಅಡಾಪ್ಟರ್ ರ‍್ಯಾಕನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ ಮತ್ತು ಹಿಚ್ಚಿನ ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ ಎಂಬುದನ್ನು ಮರೆಯಬಾರದು.

ಹಿಚ್ಚಿನ ಮೇಲೆ ಬರೆದಿರುವ ಎರಡು ಅಂಕಿಗಳಲ್ಲಿ ದೊಡ್ಡದು ಎಳೆಯುವ ಭಾರ. ನಮಗೆ ಬೇಕಾದದ್ದು ಚಿಕ್ಕದು, ಅಂದರೆ ಹಿಚ್ ಲಂಬವಾಗಿ ಹೊರಬಲ್ಲ ಭಾರ. ರ‍್ಯಾಕ್ ಮತ್ತು ಸೈಕಲ್ಲುಗಳ ಒಟ್ಟು ತೂಕ ಅದಕ್ಕಿಂತ ಸಾಕಷ್ಟು ಕಡಿಮೆಯಿರಲಿ.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ತಯಾರಕರು ನಮೂದಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ. ಹಿಚ್ ಹಾಕಿಸುವ ಮೊದಲು ನಿಮ್ಮ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಯಿಂದ ಲಿಖಿತ ಉತ್ತರವನ್ನು ತೆಗೆದಿಟ್ಟುಕೊಳ್ಳಿ. ಬಾಯಿಮಾತಿನ “ಏನೂ ಆಗಲ್ಲ ಸಾರ್” ಅಪಘಾತದ ಮರುದಿನ ಉಪಯೋಗಕ್ಕೆ ಬರುವುದಿಲ್ಲ.

2. ಡಿಕ್ಕಿಯ ಬಾಗಿಲು ಎಷ್ಟು ಹಿಂದಕ್ಕೆ ಬರುತ್ತದೆ ಎಂದು ಗುರುತು ಮಾಡಿ

ಮೇಲಕ್ಕೆ ತೆರೆಯುವ ಬಾಗಿಲಿನ ಕೆಳಅಂಚು ನೇರವಾಗಿ ಮೇಲೇರುವುದಿಲ್ಲ. ಕಮಾನಿನಂತೆ ಹಿಂದಕ್ಕೆ ಬಂದು ಆಮೇಲೆ ಮೇಲಕ್ಕೆ ಹೋಗುತ್ತದೆ. ಆ ಕಮಾನಿನ ಅತಿ ಹಿಂದಿನ ಬಿಂದು ಬಂಪರಿಗಿಂತ ಎಷ್ಟು ಆಚೆಗಿದೆ ಎಂಬುದು ಕಣ್ಣಂದಾಜಿಗೆ ಸಿಗುವುದಿಲ್ಲ. ಸಹಾಯಕರು ಬಾಗಿಲನ್ನು ನಿಧಾನವಾಗಿ ಎತ್ತುತ್ತಿರಲಿ. ನೀವು ಕೆಳಅಂಚಿನಿಂದ ತೂಗುಗುಂಡನ್ನು ಇಳಿಬಿಟ್ಟು ನಾಲ್ಕೈದು ಹಂತಗಳಲ್ಲಿ ನೆಲದ ಮೇಲೆ ಸೀಮೆಸುಣ್ಣದ ಚುಕ್ಕೆ ಇಡಿ, ಪ್ರತಿ ಚುಕ್ಕೆಯ ಪಕ್ಕದಲ್ಲಿ ಆಗ ಬಾಗಿಲಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಬರೆಯಿರಿ. ಬಂಪರಿನ ತುದಿಯನ್ನೂ ರಿಸೀವರಿನ ಪಿನ್ ರಂಧ್ರವನ್ನೂ ಹೀಗೆಯೇ ನೆಲಕ್ಕೆ ಇಳಿಸಿ ಗುರುತಿಸಿ.

ಈಗ ಕೈಪಿಡಿಯ ಅಳತೆಗಳಂತೆ ರಟ್ಟಿನಲ್ಲಿ ರ‍್ಯಾಕಿನ ಪಕ್ಕನೋಟವನ್ನು ನಿಜವಾದ ಗಾತ್ರದಲ್ಲೇ ಕತ್ತರಿಸಿ, ಪಿನ್ ರಂಧ್ರದ ಗುರುತಿಗೆ ಹೊಂದಿಸಿ ಕಾರಿನ ಹಿಂದೆ ನಿಲ್ಲಿಸಿ. ರ‍್ಯಾಕಿನ ನಿಲುಗಂಬವೂ ಮೊದಲ ಸೈಕಲ್ಲಿನ ಹ್ಯಾಂಡಲ್ಲೂ ಬಾಗಿಲಿನ ಕಮಾನಿನೊಳಗೆ ಬರುತ್ತವೆಯೇ ಎಂಬುದು ತಕ್ಷಣ ಕಾಣುತ್ತದೆ. ಬಂದರೆ ಹೊರಕ್ಕೆ ಬಾಗುವ ರ‍್ಯಾಕನ್ನು, ಅಂದರೆ ರಿಸೀವರಿನ ಪಿನ್ನಲ್ಲ, ತನ್ನದೇ ಬೇರೊಂದು ಪಿನ್ನು ಎಳೆದರೆ ಸೈಕಲ್ಲುಗಳ ಸಮೇತ ಹಿಂದಕ್ಕೆ ವಾಲುವ ಮಾದರಿಯನ್ನು ಆರಿಸಬೇಕಾಗುತ್ತದೆ. ಆದರೆ ಅಲ್ಲೊಂದು ಎಡವಟ್ಟಿದೆ: ವಾಲಿದಾಗ ಹಿಂದಿನ ಟ್ರೇ ಕೆಳಗಿಳಿಯುತ್ತದೆ. ಹಿಚ್ ತಗ್ಗಿನಲ್ಲಿದ್ದರೆ, ಬಾಗಿಲು ಪೂರ್ತಿ ತೆರೆಯುವಷ್ಟು ರ‍್ಯಾಕ್ ವಾಲುವ ಮೊದಲೇ ಕೊನೆಯ ಸೈಕಲ್ಲಿನ ಚಕ್ರ ನೆಲಕ್ಕೆ ತಾಗಿ ನಿಲ್ಲುತ್ತದೆ. ರಟ್ಟನ್ನು ರ‍್ಯಾಕ್ ವಾಲುವ ಬಿಂದುವಿನ ಸುತ್ತಲೇ ವಾಲಿಸಿ ನೋಡಿದರೆ ಇದು ಮನೆಯಲ್ಲೇ ತಿಳಿಯುತ್ತದೆ.

ಥಾರ್, ಜಿಮ್ನಿ, ಹಳೆಯ ಇಕೋಸ್ಪೋರ್ಟ್‌ಗಳಂತೆ ಸ್ಟೆಪ್ನಿಯನ್ನು ಹಿಂಬಾಗಿಲಿನ ಮೇಲೆಯೇ ಹೊತ್ತ ಕಾರುಗಳ ಲೆಕ್ಕ ಬೇರೆ. ಅಲ್ಲಿ ತೆರಪನ್ನು ಬಂಪರಿನಿಂದಲ್ಲ, ಸ್ಟೆಪ್ನಿಯ ಹೊರಮೈಯಿಂದ ಅಳೆಯಬೇಕು. ಮೇಲಾಗಿ ಬಾಗಿಲು ಪಕ್ಕಕ್ಕೆ ತೆರೆಯುವುದರಿಂದ, ಹಿಂದಕ್ಕೆ ವಾಲುವ ರ‍್ಯಾಕ್ ಇದ್ದರೂ ಅದರ ನಿಲುಗಂಬವೋ ಟ್ರೇಯೋ ದಾರಿಗೆ ಅಡ್ಡ ನಿಲ್ಲಬಹುದು. ಶ್ಯಾಂಕ್ ಉದ್ದವಿರುವ, ಪೂರ್ತಿ ಪಕ್ಕಕ್ಕೆ ತಿರುಗುವ ರ‍್ಯಾಕುಗಳು ಇಂಥ ಕಾರುಗಳಿಗೆ ಸರಿ, ಆದರೆ ಅವು ಭಾರ ಮತ್ತು ದುಬಾರಿ. ಶ್ಯಾಂಕಿಗೆ ಎಕ್ಸ್‌ಟೆನ್ಶನ್ ಕೊಳವೆ ಜೋಡಿಸಿ ಪಾರಾಗುವ ಉಪಾಯವನ್ನು ಹಲವರು ಕೇಳುತ್ತಾರೆ. ಅದರಿಂದ ಭಾರ ಹಿಂದಕ್ಕೆ ಸರಿದು ಹಿಚ್ಚಿನ ಮೇಲಿನ ಹೊರೆ ಏರುತ್ತದೆ. ಮುಂದಿನ ಹಂತ ಓದಿದ ಮೇಲೆ ನೀವೇ ಬೇಡವೆನ್ನುತ್ತೀರಿ.

3. ನೆಲದಿಂದ ಇರುವ ಎತ್ತರವನ್ನು ಭಾರ ಹಾಕಿ ಅಳೆಯಿರಿ

ಅತಿ ಹೆಚ್ಚು ಜನ ತಪ್ಪುವುದು ಇಲ್ಲಿ, ಆದ್ದರಿಂದ ಅಂಕಿಗಳ ಸಮೇತ ಹೇಳುತ್ತೇನೆ. ಹಿಂದಿನ ಟಯರು ನೆಲಕ್ಕೆ ತಾಗುವ ಜಾಗದಿಂದ ಕಾರಿನ ಹಿಂಭಾಗದ ಅತಿ ತಗ್ಗಿನ ಬಿಂದುವಿಗೆ ಒಂದು ದಾರ ಎಳೆದರೆ ಆ ದಾರಕ್ಕೂ ನೆಲಕ್ಕೂ ನಡುವೆ ಆಗುವ ಕೋನವನ್ನು ನಿರ್ಗಮನ ಕೋನ ಎನ್ನುತ್ತಾರೆ. ಕಾರು ಇಳಿಜಾರನ್ನು ಹತ್ತುವಾಗ ಅದರ ಬಾಲ ನೆಲಕ್ಕೆ ಉಜ್ಜುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಇದೇ. ರ‍್ಯಾಕ್ ಹಾಕಿದಾಗ ಬಾಲ ಉದ್ದವಾಗುತ್ತದೆ, ಕೋನ ಕುಗ್ಗುತ್ತದೆ.

ಹಿಂದಿನ ಅಚ್ಚಿನಿಂದ ಬಂಪರಿನವರೆಗೆ 700 ಮಿ.ಮೀ., ಅಲ್ಲಿಂದ ರ‍್ಯಾಕಿನ ತುದಿಯವರೆಗೆ ಮತ್ತೆ 700 ಮಿ.ಮೀ., ಎರಡು ಅಚ್ಚುಗಳ ನಡುವೆ 2600 ಮಿ.ಮೀ. ಇರುವ ಒಂದು ಕಾರನ್ನು ಇಟ್ಟುಕೊಳ್ಳೋಣ. ರ‍್ಯಾಕ್ 20 ಕಿಲೋ, 13 ಕಿಲೋದ ಎರಡು ಸೈಕಲ್ಲು, ಒಟ್ಟು 46 ಕಿಲೋ. ಈ ಭಾರದ ಕೇಂದ್ರ ಅಚ್ಚಿನಿಂದ 1050 ಮಿ.ಮೀ. ಹಿಂದಿದ್ದರೆ, ಸನ್ನೆಗೋಲಿನ ನಿಯಮದಂತೆ ಹಿಂದಿನ ಅಚ್ಚಿನ ಮೇಲೆ ಬೀಳುವುದು 46 ಅಲ್ಲ, ಸುಮಾರು 65 ಕಿಲೋ. ಮುಂದಿನ ಅಚ್ಚು ಸುಮಾರು 19 ಕಿಲೋ ಹಗುರಾಗುತ್ತದೆ. ಹಿಂದಿನ ಸೀಟಿನಲ್ಲಿ ಜನ, ಡಿಕ್ಕಿಯಲ್ಲಿ ಚೀಲಗಳು ಸೇರಿ ಹಿಂಭಾಗ ಅಚ್ಚಿನ ಹತ್ತಿರ 50 ಮಿ.ಮೀ. ತಗ್ಗಿತು ಎನ್ನಿ. ರ‍್ಯಾಕಿನ ತುದಿ ತಗ್ಗುವುದು 50 ಅಲ್ಲ, 77 ಮಿ.ಮೀ.; ಮುಂದಿನ ಅಚ್ಚಿನಿಂದ ತುದಿ 4000 ಮಿ.ಮೀ. ದೂರದಲ್ಲಿದೆ, ಹಿಂದಿನ ಅಚ್ಚು 2600 ಮಿ.ಮೀ. ದೂರದಲ್ಲಿದೆ, ಅದೇ ಅನುಪಾತದಲ್ಲಿ ಇಳಿತವೂ ಹಿಗ್ಗುತ್ತದೆ.

ಇನ್ನು ನೆಲಮಾಳಿಗೆಯ ಇಳಿಜಾರು. ಆರು ಮೀಟರ್ ಸಾಗಿದರೆ ಒಂದು ಮೀಟರ್ ಏರುವ ಇಳಿಜಾರಿನ ಕೋನ ಸುಮಾರು 9.5 ಡಿಗ್ರಿ. ಹಿಂದಿನ ಚಕ್ರ ಅದರ ಬುಡಕ್ಕೆ ಬಂದಾಗ, ಚಕ್ರದಿಂದ 1400 ಮಿ.ಮೀ. ಹಿಂದಿರುವ ರ‍್ಯಾಕಿನ ತುದಿ 233 ಮಿ.ಮೀ.ನಷ್ಟು ನೆಲದ ಕಡೆಗೆ ಬಾಗುತ್ತದೆ. ಖಾಲಿ ಕಾರಿನಲ್ಲಿ ಆ ತುದಿ 420 ಮಿ.ಮೀ. ಎತ್ತರದಲ್ಲಿತ್ತು ಎಂದಾದರೆ, ಭಾರಕ್ಕೆ 77 ಕಳೆದು, ಇಳಿಜಾರಿಗೆ 233 ಕಳೆದು, ಉಳಿಯುವುದು 110 ಮಿ.ಮೀ. ಸಾಕು. ಅದೇ ತುದಿ ಖಾಲಿ ಕಾರಿನಲ್ಲಿ 300 ಮಿ.ಮೀ. ಎತ್ತರದಲ್ಲಿದ್ದರೆ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಅಂದರೆ ದಿನವೂ ಮನೆಯಿಂದ ಹೊರಡುವಾಗಲೇ ರ‍್ಯಾಕ್ ನೆಲ ಕೆರೆಯುತ್ತದೆ. ಅಂಗಡಿಯ ಮುಂದಿನ ಸಮತಟ್ಟಾದ ರಸ್ತೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ನಿಮ್ಮ ಇಳಿಜಾರನ್ನು ಅಳೆಯುವುದು ಸುಲಭ. ಒಂದು ಮೀಟರ್ ಉದ್ದದ ನೇರ ಕೋಲಿನ ಮೇಲಿನ ತುದಿಯನ್ನು ಇಳಿಜಾರಿಗೆ ತಾಗಿಸಿ, ಮಟ್ಟಗೋಲಿನಿಂದ ಸಮ ಮಾಡಿ, ಇನ್ನೊಂದು ತುದಿ ನೆಲದಿಂದ ಎಷ್ಟು ಎತ್ತರಕ್ಕೆ ನಿಂತಿತು ಎಂದು ನೋಡಿ. 125 ಮಿ.ಮೀ. ಬಂದರೆ ಎಂಟಕ್ಕೆ ಒಂದು, 167 ಬಂದರೆ ಆರಕ್ಕೆ ಒಂದು, 200 ಬಂದರೆ ಐದಕ್ಕೆ ಒಂದು. ಇಳಿಜಾರಿನ ಬುಡದಲ್ಲಿ ಮಳೆನೀರು ಹೋಗಲೆಂದು ಹಾಕಿದ ಕಬ್ಬಿಣದ ಜಾಲರಿ ಉಬ್ಬಿಕೊಂಡಿದ್ದರೆ ಅದರ ಎತ್ತರವನ್ನೂ ಕಳೆಯಬೇಕು. ಹಿಮ್ಮುಖವಾಗಿ ಇಳಿದು ನಿಲ್ಲಿಸುವ ಅಭ್ಯಾಸವಿರುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ರಸ್ತೆ ಉಬ್ಬುಗಳಿಗೆ ಇಷ್ಟು ಖಚಿತವಾದ ಲೆಕ್ಕ ಕೊಡಲಾಗದು. ಭಾರತೀಯ ರಸ್ತೆ ಕಾಂಗ್ರೆಸ್ ಸೂಚಿಸಿರುವ ದುಂಡನೆಯ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು, ಅದರ ಮೇಲೆ ಯಾವ ರ‍್ಯಾಕಿಗೂ ತೊಂದರೆಯಿಲ್ಲ. ನಮ್ಮ ಬಡಾವಣೆಗಳ ಅಡ್ಡರಸ್ತೆಗಳಲ್ಲಿ ರಾತ್ರೋರಾತ್ರಿ ಏಳುವ ಉಬ್ಬುಗಳು ಯಾವ ಸೂಚನೆಯನ್ನೂ ಓದಿದಂತೆ ಕಾಣುವುದಿಲ್ಲ. ಹಿಂದಿನ ಚಕ್ರ ಉಬ್ಬಿನಿಂದ ಧೊಪ್ಪನೆ ಇಳಿದಾಗ ಸ್ಪ್ರಿಂಗ್ ಕುಗ್ಗಿ ಬಾಲ ಮತ್ತಷ್ಟು ತಗ್ಗುತ್ತದೆ, ಅದೇ ಕ್ಷಣ ಉಬ್ಬು ಬಾಲದ ಕೆಳಗಿರುತ್ತದೆ. ಹಾಗಾಗಿ ಮೇಲಿನ ಲೆಕ್ಕದಲ್ಲಿ ಕೊನೆಗೆ 100 ಮಿ.ಮೀ. ಉಳಿಯದಿದ್ದರೆ ಆ ಜೋಡಿ ಬೇಡ ಎಂಬುದು ನನ್ನ ಅಭಿಪ್ರಾಯ. ಶ್ಯಾಂಕ್ ಮೇಲಕ್ಕೆ ಮೆಟ್ಟಿಲಿನಂತೆ ಏರಿರುವ ರ‍್ಯಾಕುಗಳು ಸಿಗುತ್ತವೆ. ಹಿಚ್ ತಗ್ಗಿನಲ್ಲಿರುವ ಹ್ಯಾಚ್‌ಬ್ಯಾಕ್‌ಗಳಿಗೆ ಅವೇ ಸೂಕ್ತ.

4. ಕಾರಿನ ಮೈಗೂ ಸೈಕಲ್ಲಿಗೂ ನಡುವಿನ ತೆರಪು

ಮೊದಲ ಟ್ರೇಯ ಸೈಕಲ್ಲಿನ ಹ್ಯಾಂಡಲ್ಲು, ಪೆಡಲು, ಸೀಟಿನ ಮೂತಿ, ಈ ಮೂರು ಭಾಗಗಳು ಹಿಂದಿನ ಗಾಜಿಗೂ ವೈಪರಿಗೂ ಬಾಗಿಲಿನ ತಗಡಿಗೂ ಹತ್ತಿರ ಬರುತ್ತವೆ. ರೋಡ್ ಬೈಕಿನ ಹ್ಯಾಂಡಲ್ಲು 400ರಿಂದ 440 ಮಿ.ಮೀ. ಅಗಲವಾದರೆ, ಮೌಂಟನ್ ಬೈಕಿನದು 720ರಿಂದ 800 ಮಿ.ಮೀ. ಅಂದರೆ ನಡುಗೆರೆಯಿಂದ ಕಾರಿನ ಕಡೆಗೆ ಚಾಚುವುದು ಒಂದರಲ್ಲಿ 220, ಇನ್ನೊಂದರಲ್ಲಿ 400. ನಿಮ್ಮದಲ್ಲದ ಸೈಕಲ್ಲಿನಿಂದ ಅಳತೆ ಮಾಡಿದರೆ ಪ್ರಯೋಜನವಿಲ್ಲ. ಗಾಜು ಮೇಲಕ್ಕೆ ಹೋದಂತೆ ಮುಂದಕ್ಕೆ ವಾಲಿರುವ ಕಾರುಗಳಲ್ಲಿ ಹ್ಯಾಂಡಲ್ಲಿನ ಎತ್ತರದಲ್ಲಿ ಜಾಗ ತಾನಾಗಿ ಸಿಗುತ್ತದೆ. ನಾಲ್ಕು ಮೀಟರಿನೊಳಗೆ ಇರಲೆಂದು ಬಾಲ ಕತ್ತರಿಸಿದಂತೆ ನೆಟ್ಟಗೆ ನಿಂತ ಹಿಂಬಾಗಿಲಿನ ಕಾರುಗಳಲ್ಲಿ ಸಿಗುವುದಿಲ್ಲ.

ನಿಂತಲ್ಲಿ 100 ಮಿ.ಮೀ. ತೆರಪು ಇಟ್ಟುಕೊಳ್ಳಿ. ರ‍್ಯಾಕ್ ಅಲುಗಾಡುತ್ತದೆ: ರಿಸೀವರಿನೊಳಗೆ 200 ಮಿ.ಮೀ. ಹೊಕ್ಕ ಶ್ಯಾಂಕಿಗೆ ಬರೀ 2 ಮಿ.ಮೀ. ಸಡಿಲವಿದ್ದರೂ 700 ಮಿ.ಮೀ. ಆಚೆಗೆ ಅದು 7 ಮಿ.ಮೀ. ಆಗುತ್ತದೆ, ಸೈಕಲ್ಲಿನ ಮೇಲ್ತುದಿಯಲ್ಲಿ ಇನ್ನೂ ಹೆಚ್ಚು. ಸಡಿಲ ತೆಗೆಯುವ ಬಿಗಿಬೋಲ್ಟ್ ರ‍್ಯಾಕಿನ ಜೊತೆಗೆ ಬಂದಿರದಿದ್ದರೆ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕಿ. ನಡುವೆ ರಟ್ಟು, ಟಿನ್ನಿನ ತುಂಡು ತುರುಕಬೇಡಿ.

ಸೈಲೆನ್ಸರಿನ ಬಾಯಿ ಎಲ್ಲಿದೆ ಎಂದು ಬಗ್ಗಿ ನೋಡಿ. ನೆಲದ ಕಡೆ ತಿರುಗಿದ್ದರೆ ಚಿಂತೆಯಿಲ್ಲ. ನೇರವಾಗಿ ಹಿಂದಕ್ಕೆ ಊದುತ್ತಿದ್ದು ಅದರ ಎದುರಿಗೇ ಸೈಕಲ್ಲಿನ ಚಕ್ರ ಬಂದರೆ ಬಿಸಿ ಹೊಗೆಗೆ ಟಯರು ಮೆತ್ತಗಾಗುತ್ತದೆ, ಕಾರ್ಬನ್ ರಿಮ್ ಇದ್ದರೆ ಹಾನಿ ಇನ್ನೂ ದುಬಾರಿ. ಸಂಚಾರ ದಟ್ಟಣೆಯಲ್ಲಿ ನಿಂತ ಕಾರು ಓಡುವ ಕಾರಿಗಿಂತ ಅಪಾಯ, ಏಕೆಂದರೆ ಬಿಸಿಯನ್ನು ಚದುರಿಸುವ ಗಾಳಿ ಇರುವುದಿಲ್ಲ. ಸೈಕಲ್ಲನ್ನು ತಿರುಗಿಸಿ ಕೂರಿಸಿ, ಚಕ್ರವನ್ನು ಟ್ರೇಯಲ್ಲಿ ಪಕ್ಕಕ್ಕೆ ಸರಿಸಿ, ಹೇಗಾದರೂ ಆ ನೇರದಿಂದ ತಪ್ಪಿಸಬೇಕು.

5. ಅಗಲ ಮತ್ತು ಬಾಲದ ಬೀಸು

ದೊಡ್ಡವರ ಸೈಕಲ್ಲಿನ ಉದ್ದ ಸಾಮಾನ್ಯವಾಗಿ 1.65ರಿಂದ 1.85 ಮೀಟರ್, ಸ್ವಿಫ್ಟ್‌ನ ಅಗಲ 1735 ಮಿ.ಮೀ., ಕ್ರೆಟಾದ್ದು 1790 ಮಿ.ಮೀ. ಆದ್ದರಿಂದ ಚಕ್ರಗಳು ಕಾರಿನ ಪಕ್ಕದಿಂದ ತುಸು ಹೊರಬರಬಹುದು. ಕನ್ನಡಿಗಳ ಅಗಲವನ್ನು ಮೀರದಂತೆ ಎರಡೂ ಕಡೆ ಸಮನಾಗಿ ಕೂರಿಸಿ.

ನಿಜವಾದ ಅಪಾಯ ತಿರುವಿನಲ್ಲಿದೆ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿದಾಗ ಕಾರಿನ ಬಾಲದ ಹೊರಮೂಲೆ ಎದುರು ದಿಕ್ಕಿಗೆ ಬೀಸುತ್ತದೆ. ಹಿಂದಿನ ಚಕ್ರದ ಹೊರಪಕ್ಕ 4.7 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದ್ದರೆ, ಅಚ್ಚಿನಿಂದ 700 ಮಿ.ಮೀ. ಹಿಂದಿರುವ ಬಂಪರಿನ ಮೂಲೆ ಸುಮಾರು 50 ಮಿ.ಮೀ. ಹೊರಬೀಸುತ್ತದೆ, 1400 ಮಿ.ಮೀ. ಹಿಂದಿರುವ ಸೈಕಲ್ಲಿನ ಚಕ್ರ ಕಾರಿನಷ್ಟೇ ಅಗಲಕ್ಕೆ ಚಾಚಿದ್ದರೂ ಸುಮಾರು 200 ಮಿ.ಮೀ. ಬೀಸುತ್ತದೆ. ಬಾಲದ ಉದ್ದ ಎರಡರಷ್ಟಾದರೆ ಬೀಸು ನಾಲ್ಕರಷ್ಟು. ನೆಲಮಾಳಿಗೆಯಲ್ಲಿ ಕಂಬಕ್ಕೆ ಒತ್ತಿ ನಿಲ್ಲಿಸಿ, ಹೊರಡುವಾಗ ಒಮ್ಮೆಲೇ ತಿರುಗಿಸುವ ರೂಢಿ ನಮ್ಮೆಲ್ಲರದು. ರ‍್ಯಾಕ್ ಇರುವಾಗ ಮೊದಲು ಒಂದೂವರೆ ಮೀಟರ್ ನೇರ ಮುಂದಕ್ಕೆ ಬಂದು ಆಮೇಲೆ ತಿರುಗಿಸಬೇಕು. ಕಂಬ ಎಷ್ಟು ದೂರದಲ್ಲಿದೆ ಎಂದು ನಿಮ್ಮ ಜಾಗದಲ್ಲಿ ಈಗಲೇ ಅಳೆದಿಟ್ಟುಕೊಳ್ಳಿ, ಜೊತೆಗೆ ನಿಲುಗಡೆ ಜಾಗದ ಉದ್ದವನ್ನೂ. ಮಡಚಿದ ರ‍್ಯಾಕ್ ಕೂಡ ಬಂಪರಿನಿಂದ ಹೊರಗೆ ಚಾಚಿ ನಿಲ್ಲುತ್ತದೆ, ಹಿಂದಿನವರ ದಾರಿಗೆ ಅದು ಅಡ್ಡ ಬಂದರೆ ಜಗಳಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ.

6. ನಂಬರ್ ಪ್ಲೇಟು, ದೀಪಗಳು, ಸೆನ್ಸರು

ಸೈಕಲ್ಲುಗಳನ್ನು ಹೊರಿಸಿದ ಮೇಲೆ ಹದಿನೈದು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿ. ಬ್ರೇಕ್ ದೀಪ, ಇಂಡಿಕೇಟರು, ನಂಬರ್ ಪ್ಲೇಟು ಪೂರ್ತಿಯಾಗಿ ಕಾಣಬೇಕು. ಪಕ್ಕಕ್ಕೆ ಸರಿದು ಎರಡೂ ಮೂಲೆಗಳಿಂದಲೂ ನೋಡಿ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಒಮ್ಮೆ ತೆಗೆದರೆ ಮತ್ತೆ ಬಳಸಲಾಗದ ಲಾಕಿನಿಂದ ಕೂರಿಸಿರುತ್ತಾರೆ. ಅದನ್ನು ಬಿಚ್ಚಿ ರ‍್ಯಾಕಿಗೆ ಕಟ್ಟುವಂತಿಲ್ಲ, ಬೀದಿಯಲ್ಲಿ ಇನ್ನೊಂದು ಬರೆಸಿ ನೇತುಹಾಕುವುದು ಪರಿಹಾರವೂ ಅಲ್ಲ. ಪ್ಲೇಟು ಬಂಪರಿನಲ್ಲಿರುವ ಕಾರುಗಳಲ್ಲಿ ಟ್ರೇಯೇ ಅದಕ್ಕೆ ಅಡ್ಡ ಬರುವುದು ಹೆಚ್ಚು. ಎಷ್ಟು ಹೊಂದಿಸಿದರೂ ಮರೆಯಾಗುತ್ತದೆ ಎಂದಾದರೆ ಹಿಚ್ ರ‍್ಯಾಕನ್ನು ಬಿಟ್ಟು ಛಾವಣಿಯ ರ‍್ಯಾಕನ್ನು ಯೋಚಿಸಬೇಕು.

ಹಿಮ್ಮುಖ ಪಾರ್ಕಿಂಗ್ ಸೆನ್ಸರು 2019ರ ಜುಲೈ 1ರಿಂದ ಕಾರುಗಳಿಗೆ ಕಡ್ಡಾಯವಾಗಿದೆ. ರ‍್ಯಾಕನ್ನೇ ಅದು ಗೋಡೆ ಎಂದುಕೊಂಡು ಕೂಗುತ್ತಿರುತ್ತದೆ; ಆ ಕೂಗಿಗೆ ಕಿವಿ ಒಗ್ಗಿಹೋದರೆ ನಿಜವಾದ ಗೋಡೆಯೂ ಕೇಳಿಸುವುದಿಲ್ಲ. ರ‍್ಯಾಕ್ ಇರುವಷ್ಟು ಹೊತ್ತು ಹಿಂದಕ್ಕೆ ಬರುವಾಗ ಒಬ್ಬರು ಕೆಳಗಿಳಿದು ನಿಲ್ಲುವುದೇ ಸರಿ.

7. ರಟ್ಟಿನ ಪಟ್ಟಿಯ ಪರೀಕ್ಷೆ

ಕೊನೆಯ ಪರೀಕ್ಷೆಯನ್ನು ರ‍್ಯಾಕ್ ತಂದ ದಿನ, ಮರಳಿಸುವ ಅವಕಾಶ ಇನ್ನೂ ಇರುವಾಗಲೇ ಮಾಡಿ. ಸೈಕಲ್ಲುಗಳನ್ನು ಹೊರಿಸಿ, ಹಿಂದಿನ ಸೀಟಿನಲ್ಲಿ ಜನರನ್ನು ಕೂರಿಸಿ, ಡಿಕ್ಕಿಯಲ್ಲಿ ಪ್ರಯಾಣದಷ್ಟೇ ಭಾರವಿಡಿ. ರ‍್ಯಾಕಿನ ಅತಿ ತಗ್ಗಿನ ಬಿಂದುವಿನಿಂದ 50 ಮಿ.ಮೀ. ಕೆಳಗೆ ಚಾಚುವಂತೆ ನಾಲ್ಕೈದು ಗಟ್ಟಿ ರಟ್ಟಿನ ಪಟ್ಟಿಗಳನ್ನು ಅಂಟಿಸಿ. ನೆಲಮಾಳಿಗೆಯ ಇಳಿಜಾರನ್ನು ಹತ್ತಿ, ಮನೆಯ ಸುತ್ತಮುತ್ತಲಿನ ಅತಿ ಕೆಟ್ಟ ಉಬ್ಬನ್ನು ನಡಿಗೆಯ ವೇಗದಲ್ಲಿ ದಾಟಿ, ಮರಳಿ ಬನ್ನಿ. ಪಟ್ಟಿಗಳು ಹಾಗೇ ಇದ್ದರೆ ಸರಿ. ತುದಿ ಮಡಚಿದ್ದರೆ 50 ಮಿ.ಮೀ. ತೆರಪೂ ಉಳಿದಿಲ್ಲವೆಂದರ್ಥ, ರ‍್ಯಾಕನ್ನು ಮರಳಿಸಿ ಏರುಶ್ಯಾಂಕಿನದನ್ನು ತನ್ನಿ.

ಪರೀಕ್ಷೆ ಮುಗಿದ ಮೇಲೆ ಮೊದಲ 50 ಕಿಲೋಮೀಟರ್ ಆದಮೇಲೆ ಒಮ್ಮೆ, ಅಂದರೆ ನಂದಿಯ ಬುಡ ತಲುಪುವ ಹೊತ್ತಿಗೆ, ಹಿಚ್ಚಿನ ಬೋಲ್ಟುಗಳನ್ನೂ ಪಿನ್ನಿನ ಕ್ಲಿಪ್ಪನ್ನೂ ಕೈಯಿಂದ ಮುಟ್ಟಿ ನೋಡಿ. ಹೊಸ ಬೋಲ್ಟುಗಳು ಮೊದಲ ಓಟದಲ್ಲಿ ಕೂತು ಸ್ವಲ್ಪ ಸಡಿಲಾಗುವುದು ಸಹಜ, ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಬಿಗಿಯಿಸಿ.